ಶಿಶಿರದ ಹಿತ್ತಲು

‘ಹಿತ್ತಲ ಗಿಡ ಮದ್ದಲ್ಲ’ ಎಂಬ ಗಾದೆಯನ್ನು ನಾವು ಸಾಮಾನ್ಯವಾಗಿ ಊರಿನ ವೈದ್ಯರಿಗೋ ಮನೆಯ ಪಂಡಿತರಿಗೋ ಅನ್ವಯಿಸಿ ಹೇಳುತ್ತೇವೆ. ಆದರೆ ಆ ಮಾತನ್ನು ಅಕ್ಷರಶಃ ನಡೆಯಿಸಿಕೊಂಡು ಬಂದವರು ನಮ್ಮ ಇತಿಹಾಸಕಾರರು ಎಂದು ನನಗೆ ಅನೇಕ ಸಲ ಅನ್ನಿಸಿದೆ. ಅರಮನೆ, ಗುಡಿ, ಕೋಟೆ, ಕೆರೆ, ಗದ್ದೆ, ಅಡಕೆಯ ತೋಟ ಇವೆಲ್ಲಕ್ಕೂ ನಮ್ಮಲ್ಲಿ ಚರಿತ್ರೆ ಉಂಟು. ಮನೆಯ ಬೆನ್ನಿಗಿರುವ ನಾಲ್ಕು ಮಡಿ ಕಾಯಿಪಲ್ಲೆಗೆ, ಬಚ್ಚಲ ನೀರು ಹರಿಯುವೆಡೆ ನಿಂತ ಬಾಳೆ ಕೆಸುಗಳಿಗೆ, ಬೇಲಿಗೆ ಹಬ್ಬಿದ ಹೀರೆಯ ಬಳ್ಳಿಗೆ ಚರಿತ್ರೆ ಇಲ್ಲ. ಇದ್ದರೂ ಅದು ಅಡಿಟಿಪ್ಪಣಿಯಲ್ಲಿ ಉಳಿದಿದೆ. ಅನ್ನಕ್ಕೆ ಸಾರನ್ನೂ ರೊಟ್ಟಿಗೆ ಪಲ್ಲೆಯನ್ನೂ ತಲೆಮಾರುಗಳಿಂದ ಒದಗಿಸುತ್ತ ಬಂದ ನೆಲದ ವಿಷಯದಲ್ಲಿ ಇಷ್ಟು ಔದಾಸೀನ್ಯ ಏಕೆ?

ಮೊದಲು ಆ ನೆಲವನ್ನೇ ನೋಡೋಣ. ಅಕ್ಕಿಆಲೂರಿನ ಸೀಮೆಯಲ್ಲಿ ಹಿತ್ತಲಿನ ವರುಷ ಯುಗಾದಿಗೆ ಮೊದಲಾಗುವುದಿಲ್ಲ, ಮಾಘದಲ್ಲಿ ಮೊದಲಾಗುತ್ತದೆ. ಹಾನಗಲ್ಲ ತಾಲೂಕಿನ ಈ ಊರು ಮಲೆನಾಡು ಮುಗಿದು ಬಯಲುಸೀಮೆ ಆರಂಭವಾಗುವ ಸೆರಗಿನಲ್ಲಿದೆ. ಊರಿನ ಹೆಸರಿನಲ್ಲಿಯೇ ಅಕ್ಕಿ ಇದೆ. ಭತ್ತದ ಕೊಯ್ಲು ಮುಗಿದು, ಒಕ್ಕಣೆಯಾಗಿ, ಸಂಕ್ರಮಣವೂ ಕಳೆಯಿತೆಂದರೆ ಒಕ್ಕಲಿಗನ ಕೈಗೆ ಕೊಂಚ ಬಿಡುವು. ಆ ಬಿಡುವು ಗಂಡಸರದು. ಮನೆಯ ಹೆಂಗಸಿಗೆ ಅದೇ ಹಿತ್ತಲಿನ ಕೆಲಸ ಮೊದಲಾಗುವ ಹೊತ್ತು.

ಹಾಗೆ ಮೊದಲಾಗುವ ಕೆಲಸ ಅಗೆತವಲ್ಲ, ಬೇಲಿ. ಪೈರು ಮನೆಗೆ ಬಂದ ಮೇಲೆ ದನಕರುಗಳನ್ನು ಬಯಲಿಗೆ ಬಿಡುವುದು ಹಿಂದಿನಿಂದ ಬಂದ ಪದ್ಧತಿ. ಬಯಲೆಲ್ಲ ಕೂಳೆಯಾಗಿ ನಿಂತಾಗ ಅವುಗಳ ಕಣ್ಣಿಗೆ ಹಸುರಾಗಿ ಕಾಣುವುದು ಹಿತ್ತಲೊಂದೇ. ಆದುದರಿಂದ ಕಾರಿಯ ಮುಳ್ಳು, ಜಾಲಿಯ ಮುಳ್ಳು ತಂದು ಕಂಡಿ ಮುಚ್ಚಬೇಕು. ಆಮೇಲೆ ನೆಲ ಅಗೆದು, ಹೆಂಟೆ ಒಡೆಯದೆ ಕೆಲವು ದಿನ ಬಿಸಿಲಿಗೆ ಬಿಡಬೇಕು. ಕಳೆಯ ಬೇರೂ ಹುಳದ ಮೊಟ್ಟೆಯೂ ಬಿಸಿಲಿಗೆ ಒಣಗಿ ಸಾಯುತ್ತವೆ. ತಿಪ್ಪೆಯ ತಳದಲ್ಲಿ ಚೆನ್ನಾಗಿ ಕಳಿತು ಕಪ್ಪಾದ ಗೊಬ್ಬರ, ಅದರ ಮೇಲೆ ಒಲೆಯ ಬೂದಿ. ಹಸಿ ಸಗಣಿ ಬೇಡ. ಅದು ಕಳಿಯುವಾಗ ಹುಟ್ಟುವ ಕಾವು ಎಳೆಯ ಬೇರನ್ನು ಸುಡುತ್ತದೆ, ಗೊಣ್ಣೆಹುಳವನ್ನೂ ಕರೆತರುತ್ತದೆ. ಬಳಿಕ ಮಡಿ ಕಟ್ಟಿ, ಬಳ್ಳಿಗಳಿಗೆ ಗುಂಡಿ ತೋಡಿ, ಮಾಘದ ಚಳಿ ಸಡಿಲುತ್ತಿರುವಾಗ ಸವತೆ, ಹೀರೆ, ಹಾಗಲ, ಸೋರೆ, ಕುಂಬಳ, ಬೆಂಡೆಗಳ ಬೀಜ ಊರಬೇಕು. ಸೊಪ್ಪು ಒಂದು ತಿಂಗಳಿಗೆ ಕೈಗೆ ಬರುತ್ತದೆ. ಸವತೆ ಬೆಂಡೆಗಳು ಒಂದೂವರೆ ತಿಂಗಳಿಗೆ, ಹೀರೆ ಅದಕ್ಕೆ ತುಸು ಮೇಲೆ. ಲೆಕ್ಕ ಹಾಕಿ ನೋಡಿದರೆ ಮಾಘದ ಬೀಜ ಯುಗಾದಿಯ ಎಲೆಗೆ ಸರಿಯಾಗಿ ಬಂದು ಬೀಳುತ್ತದೆ.

ಇಂಗ್ಲೀಷು ಪುಸ್ತಕಗಳಲ್ಲಿಯೂ ಚಳಿಗಾಲದ ಕೊನೆಯಲ್ಲಿ ತೋಟ ಸಿದ್ಧಪಡಿಸುವ ವರ್ಣನೆ ಬರುತ್ತದೆ. ಅಲ್ಲಿ ಅದು ಹಿಮ ಕರಗುವುದನ್ನು ಕಾಯುವ ಕೆಲಸ. ನಮ್ಮದು ನೀರು ಆರಿಹೋಗುವ ಮೊದಲೇ ಬೇರು ಇಳಿಸುವ ಕೆಲಸ. ನಮ್ಮ ವಸಂತ ಹೂವಿನದೂ ಹೌದು, ಬರಿದಾಗುವ ಬಾವಿಯದೂ ಹೌದು. ವೈಶಾಖದ ಹೊತ್ತಿಗೆ ಬಾವಿಯ ಹಗ್ಗ ಉದ್ದವಾಗುತ್ತದೆ. ಆದ್ದರಿಂದಲೇ ಹಳೆಯ ಮನೆಗಳಲ್ಲಿ ಬಚ್ಚಲಿನ ಕಾಲುವೆ ಎತ್ತ ಹೋಗುತ್ತದೆಯೋ ಅತ್ತಲೇ ಹಿತ್ತಲು. ಪಾತ್ರೆ ತೊಳೆದ ನೀರು, ಅಕ್ಕಿ ತೊಳೆದ ಕಲಗಚ್ಚು, ಮಿಂದ ನೀರು ಒಂದೂ ವ್ಯರ್ಥವಾಗುವುದಿಲ್ಲ. ಕೆಸು, ಬಸಳೆ, ಬಾಳೆ ಈ ನೀರಿನ ಬಂಧುಗಳು.

ಇನ್ನು ಚರಿತ್ರೆಯ ಮಾತು. ಹಾನಗಲ್ಲು ಶಾಸನಗಳ ಪಾನುಂಗಲ್ಲು; ಪಾನುಂಗಲ್ಲು ಐನೂರು ಎಂಬ ನಾಡಿನ ರಾಜಧಾನಿ, ಕದಂಬರ ಒಂದು ಶಾಖೆ ಆಳಿದ ಸ್ಥಳ. ಆ ಕಾಲದ ಶಾಸನಗಳನ್ನು ಓದುತ್ತ ಹೋದರೆ ಗದ್ದೆಗೆ ಇಷ್ಟು ಮತ್ತರು, ತೋಂಟಕ್ಕೆ ಇಷ್ಟು ಕಮ್ಮ, ಪೂದೋಂಟ, ಎಲೆದೋಂಟ, ಗಾಣ, ಮನೆ ಎಂದು ದತ್ತಿಯ ವಿವರ ಸಾಲುಸಾಲಾಗಿ ಸಿಗುತ್ತದೆ. ದೇವರಿಗೆ ಹೂವು ಬೇಕು, ಎಲೆಯಡಕೆಗೆ ಬೆಲೆಯುಂಟು. ಅವು ಕಲ್ಲಿನ ಮೇಲೆ ಬಂದವು. ಹಿತ್ತಲು ಬಂದರೂ ಮನೆಯ ಬಾಲವಾಗಿ ಬರುತ್ತದೆ. ದತ್ತಿ ಬಿಡಲು ಅದು ತೀರ ಚಿಕ್ಕದು, ಸುಂಕ ಎತ್ತಲು ಅದರ ಹುಟ್ಟುವಳಿ ಪೇಟೆಗೆ ಬರುವುದಿಲ್ಲ. ಹಳಗನ್ನಡದ ‘ಪಿತ್ತಿಲ್’ ಎಂಬ ರೂಪದಲ್ಲಿಯೇ ‘ಪಿನ್’, ಅಂದರೆ ಹಿಂದೆ, ಎಂಬ ಅರ್ಥ ಅಡಗಿದೆ. ಮುಂಬಾಗಿಲಿನಿಂದ ಬರುವ ಅಧಿಕಾರಿಗೆ ಹಿಂಬದಿ ಕಾಣಿಸದಿದ್ದುದು ಆಶ್ಚರ್ಯವಲ್ಲ.

ಕಲ್ಲು ಹೇಳದ್ದನ್ನು ಓಲೆ ಕೊಂಚ ಹೇಳಿದೆ. ಕಲ್ಯಾಣದ ಚಾಳುಕ್ಯ ಜಯಸಿಂಹನ ಕಾಲದಲ್ಲಿ, 1025ರಲ್ಲಿ, ಎರಡನೆಯ ಚಾವುಂಡರಾಯನು ‘ಲೋಕೋಪಕಾರ’ವನ್ನು ಬರೆದ. ಪಂಡಿತರು ಇದನ್ನು ಕಾವ್ಯವೆಂದು ಮೆಚ್ಚಿಕೊಳ್ಳುವುದು ಕಷ್ಟವೆಂದು ಪಕ್ಕಕ್ಕಿಡುತ್ತಾರೆ. ನನಗಂತೂ ಪಂಪ ರನ್ನರನ್ನು ಕೊಟ್ಟ ಭಾಷೆ ನೆಲದೊಳಗಿನ ನೀರು ಹುಡುಕುವುದನ್ನೂ ಗಿಡದ ರೋಗಕ್ಕೆ ಮದ್ದನ್ನೂ ಅಡಿಗೆಯನ್ನೂ ಒಂದೇ ಗ್ರಂಥದಲ್ಲಿ ಹೇಳಹೊರಟಿತೆಂಬುದು ಸಣ್ಣ ಸಂಗತಿಯಾಗಿ ಕಾಣುವುದಿಲ್ಲ. ಅದರ ವೃಕ್ಷಾಯುರ್ವೇದದ ಭಾಗದಲ್ಲಿ ಬೀಜಕ್ಕೆ ಸಂಸ್ಕಾರ, ಗಿಡಕ್ಕೆ ಪೋಷಣೆ, ಹೂ ಕಾಯಿ ಹೆಚ್ಚಿಸುವ ಉಪಾಯಗಳು ಬರುತ್ತವೆ. ಕೆಲವು ನಂಬತಕ್ಕವು, ಕೆಲವು ರಾಜಕುಮಾರರ ವಿನೋದಕ್ಕೆ ಬರೆದವೇನೋ ಎನ್ನಿಸುತ್ತವೆ. ಬೀಜವನ್ನು ಹಾಲಿನಲ್ಲಿ ಅದ್ದಿ, ಸಗಣಿ ಸವರಿ, ಒಣಗಿಸಿ ಬಿತ್ತುವ ಪದ್ಧತಿ ಮಾತ್ರ ವೃಕ್ಷಾಯುರ್ವೇದದ ಗ್ರಂಥಗಳಿಂದ ಹಿಡಿದು ಇಂದಿನ ಅಜ್ಜಿಯರ ಕೈಯವರೆಗೆ ಸವೆಯದೆ ಬಂದಿದೆ. ಶಾಸ್ತ್ರ ಅಜ್ಜಿಯಿಂದ ಕಲಿಯಿತೋ ಅಜ್ಜಿ ಶಾಸ್ತ್ರದಿಂದ ಕಲಿತಳೋ ಎಂಬ ಪ್ರಶ್ನೆಗೆ ನನ್ನ ಒಲವು ಅಜ್ಜಿಯ ಕಡೆಗೇ.

ಈಗ ಆ ಸಾವಿರ ವರ್ಷದ ಹಿಂದಿನ ಹಿತ್ತಲನ್ನು ಮನಸ್ಸಿನಲ್ಲಿ ಕಟ್ಟಿಕೊಳ್ಳಿ. ಬದನೆ, ಹೀರೆ, ಹಾಗಲ, ತೊಂಡೆ, ಸೋರೆ, ಸವತೆ, ಬೂದಗುಂಬಳ, ಅವರೆ, ನುಗ್ಗೆ, ಬಸಳೆ, ಕೆಸು, ಬಾಳೆ. ಇವು ಇದ್ದವು. ಹಾನಗಲ್ಲು ವಿರಾಟನಗರವೆಂಬುದು ಸ್ಥಳೀಯರ ನಂಬಿಕೆ. ಭೀಮಸೇನ ಬಾಣಸಿಗನಾಗಿ ದುಡಿದದ್ದು ಇಲ್ಲಿಯೇ ಆದರೆ ಅವನ ಒಲೆಗೆ ಇವೇ ಏರಿರಬೇಕು. ಅಂತೂ ಅವನ ಅಡಿಗೆಗೆ ಒಂದು ಪದಾರ್ಥ ಖಂಡಿತವಾಗಿ ಬಿದ್ದಿರಲಾರದು, ಅದು ಮೆಣಸಿನಕಾಯಿ.

ಇದನ್ನು ಹೇಳಿದರೆ ನಮ್ಮ ಕಡೆಯವರು ನಂಬುವುದಿಲ್ಲ. ಹಾವೇರಿ ಜಿಲ್ಲೆಯೆಂದರೆ ಬ್ಯಾಡಗಿ, ಬ್ಯಾಡಗಿಯೆಂದರೆ ಮೆಣಸಿನಕಾಯಿ. ಡಬ್ಬಿ ಕಡ್ಡಿ ಎಂಬ ಅದರ ಎರಡು ತಳಿಗಳು, ಸುಕ್ಕುಗಟ್ಟಿದ ಮೈ, ಕಡು ಕೆಂಪು ಬಣ್ಣ, ಹದವಾದ ಖಾರ. 2011ರಲ್ಲಿ ಅದಕ್ಕೆ ಭೌಗೋಳಿಕ ಗುರುತಿನ ಮಾನ್ಯತೆಯೂ ದೊರೆಯಿತು. ಆದರೆ ಅದೇ ಬ್ಯಾಡಗಿ ತಾಲೂಕಿನ ಕಾಗಿನೆಲೆ ಕನಕದಾಸರ ಕ್ಷೇತ್ರ, ಅವರು ಹುಟ್ಟಿದ ಬಾಡ ಶಿಗ್ಗಾಂವಿ ತಾಲೂಕಿನದು. ಸಂಪ್ರದಾಯದಂತೆ ಅವರು ಹುಟ್ಟಿದ್ದು 1509ರಲ್ಲಿ. ಪೋರ್ತುಗೀಜರು ಗೋವೆಯನ್ನು ಹಿಡಿದದ್ದು 1510ರಲ್ಲಿ. ಅಮೆರಿಕೆಯ ಈ ಕಾಯಿ ನಮ್ಮ ದೇಶಕ್ಕೆ ಬಂದದ್ದು ಅವರ ಹಡಗುಗಳಲ್ಲಿ. ಎಂದ ಮೇಲೆ ಕನಕದಾಸರು ಬಾಲ್ಯದಲ್ಲಿ ಉಂಡ ಸಾರಿನ ಖಾರ ಮೆಣಸಿನ ಕಾಳಿನದು, ಶುಂಠಿಯದು, ಸಾಸಿವೆಯದು.

ಸುಮಾರು ಅದೇ ಕಾಲದ ಮೂರನೆಯ ಮಂಗರಸನ ‘ಸೂಪಶಾಸ್ತ್ರ’ ಇದಕ್ಕೆ ಸಾಕ್ಷಿ. ಜೈನ ಕವಿಯೊಬ್ಬ ಷಟ್ಪದಿಯಲ್ಲಿ ಬರೆದ ಅಡಿಗೆಯ ಪುಸ್ತಕವದು. ಬದನೆಯ ಪಾಕಗಳನ್ನು ಅವನು ಬಾಯಲ್ಲಿ ನೀರೂರುವಂತೆ ವಿಸ್ತರಿಸುತ್ತಾನೆ, ಮೆಣಸಿನಕಾಯಿಯ ಸುಳಿವಿಲ್ಲ. 1520ರ ಸುಮಾರಿಗೆ ವಿಜಯನಗರಕ್ಕೆ ಬಂದ ಪೋರ್ತುಗೀಜ ಪಯಸ್ಸನು ಪೇಟೆಗೆ ದಿನವೂ ಬರುತ್ತಿದ್ದ ನಿಂಬೆ ಕಿತ್ತಳೆಗಳ ಹೇರುಗಳನ್ನೂ ಬದನೆಯನ್ನೂ ತೋಟದ ಇತರ ಪದಾರ್ಥಗಳನ್ನೂ ಕಂಡು ಬೆರಗಾಗಿ ಬರೆದಿದ್ದಾನೆ. ಕನಕದಾಸರೇ ‘ರಾಮಧಾನ್ಯ ಚರಿತೆ’ಯಲ್ಲಿ ಅಕ್ಕಿಗೂ ರಾಗಿಗೂ ವ್ಯಾಜ್ಯ ಹೂಡಿಸಿ ರಾಮನ ಮುಂದೆ ತಂದು ನಿಲ್ಲಿಸಿದರು, ರಾಗಿಯನ್ನು ಗೆಲ್ಲಿಸಿದರು. ಧಾನ್ಯಗಳಿಗೆ ಅಂಥ ಕವಿ ಸಿಕ್ಕಿದ. ಕಾಯಿಪಲ್ಲೆಗಳ ವ್ಯಾಜ್ಯವನ್ನು ಯಾರೂ ಎತ್ತಿಕೊಳ್ಳಲಿಲ್ಲ. ಎತ್ತಿಕೊಂಡಿದ್ದರೆ ಮೊದಲನೆಯ ವಾದಿ ಕರಿಮೆಣಸೇ ಆಗುತ್ತಿತ್ತು.

ಅದು ಹೇಗೆಂದರೆ, ‘ಮೆಣಸು’ ಎಂಬುದು ಮೂಲತಃ ಬಳ್ಳಿಯ ಕಾಳಿನ ಹೆಸರು. ಹೊಸ ಕಾಯಿ ಬಂದಾಗ ನಮ್ಮವರಿಗೆ ಅದರ ಖಾರದಲ್ಲಿ ಮೆಣಸು ಕಂಡಿತು, ರೂಪದಲ್ಲಿ ಕಾಯಿ ಕಂಡಿತು. ‘ಮೆಣಸಿನಕಾಯಿ’ ಎಂದು ಹೆಸರಿಟ್ಟರು. ಬರಬರುತ್ತ ಬಂದವನೇ ಮನೆಯವನಾದ. ಮೆಣಸು ಎಂದರೆ ಯಾವುದು ಎಂದು ಕೇಳುವ ಕಾಲ ಬಂದು, ಮೂಲದ ಒಡೆಯ ‘ಕರಿ’ ‘ಕಾಳು’ ಎಂಬ ವಿಶೇಷಣಗಳನ್ನು ಹಚ್ಚಿಕೊಂಡು ತನ್ನ ಗುರುತು ಹೇಳಿಕೊಳ್ಳಬೇಕಾಯಿತು. ಕುಂಬಳಕ್ಕೂ ಇದೇ ಗತಿ. ಅಮೆರಿಕೆಯ ಸಿಹಿಗುಂಬಳ ಬಂದು ಬೇಲಿ ಹತ್ತಿದ ಮೇಲೆ ಹಳೆಯದು ಬೂದಗುಂಬಳವೆಂದು ಗುರುತಿಸಿಕೊಳ್ಳಬೇಕಾಯಿತು. ಗೆಣಸಿನ ಕಥೆ ಇನ್ನೂ ಸೋಜಿಗದ್ದು. ತಮಿಳಿನ ‘ಕಿಳಂಗು’ವಿಗೆ ಸೋದರನಾದ ಈ ಹಳೆಯ ಮಾತು ನೆಲದೊಳಗಿನ ಗಡ್ಡೆಗಳಿಗೆ ಸಲ್ಲುತ್ತಿತ್ತು, ಇಂದು ಗೆಣಸೆಂದೊಡನೆ ನಾವು ಬೇಯಿಸುವುದು ಅಮೆರಿಕೆಯಿಂದ ಬಂದ ಸಿಹಿಗೆಣಸನ್ನು. ಹೆಸರು ನಮ್ಮದು, ಗಡ್ಡೆ ಪರರದು.

ಬೇರೆ ಕೆಲವು ಹೆಸರುಗಳು ತಾವು ಬಂದ ದಾರಿಯನ್ನೇ ಹೇಳುತ್ತವೆ. ಮೈಸೂರಿನ ಕಡೆ ಆಲೂಗಡ್ಡೆಯೆಂಬುದನ್ನು ಧಾರವಾಡದ ಕಡೆ ಬಟಾಟೆಯೆನ್ನುತ್ತೇವೆ. ‘ಬಟಾಟ’ ಪೋರ್ತುಗೀಜರ ಮಾತು, ಅವರು ಅದನ್ನು ಪಡೆದದ್ದು ಕರೀಬಿಯನ್ ದ್ವೀಪದ ಮೂಲನಿವಾಸಿಗಳಿಂದ. ಆಲೂ ಉತ್ತರದ ಹಿಂದೂಸ್ಥಾನಿಯಿಂದ ಇಳಿದು ಬಂದದ್ದು. ಒಂದೇ ಗಡ್ಡೆ, ಒಂದೇ ಭಾಷೆ. ಒಂದು ಹೆಸರಿಗೆ ಗೋವೆಯ ಘಟ್ಟದ ದಾರಿಯ ಧೂಳು ಹತ್ತಿದೆ, ಇನ್ನೊಂದಕ್ಕೆ ದಂಡಿನ ದಾರಿಯದು. ಪೇರಲ ಹಣ್ಣಿನಲ್ಲಿ ಪೋರ್ತುಗೀಜರ ‘ಪೇರ’ ಕುಳಿತಿದೆ. ಪರಂಗಿ ಹಣ್ಣಿನಲ್ಲಿ ಫಿರಂಗಿಯವನೇ ಕುಳಿತಿದ್ದಾನೆ. ಸೀಮೆಬದನೆಯನ್ನು ತಮಿಳರು ತೆಲುಗರು ಬೆಂಗಳೂರಿನ ಬದನೆಯೆನ್ನುತ್ತಾರೆ. ನಾವು ಅದನ್ನು ‘ಸೀಮೆ’ಯದೆನ್ನುತ್ತೇವೆ, ಅಂದರೆ ಕಡಲಾಚೆಯದು. ಟೊಮೇಟೊ ಮೈಸೂರಿನ ಕೆಲವೆಡೆ ಚಪ್ಪರಬದನೆಯಾಗಿ ಸ್ವಲ್ಪ ಕಾಲ ಬಾಳಿ ಕೊನೆಗೆ ತನ್ನ ಪರದೇಶದ ಹೆಸರಿಗೇ ಮರಳಿತು.

ಬಂದವರನ್ನಷ್ಟೇ ಹೇಳಿ ಹೋದವರನ್ನು ಬಿಟ್ಟರೆ ಲೆಕ್ಕ ಅರ್ಧವಾಗುತ್ತದೆ. ಬದನೆ ನಮ್ಮ ಭೂಭಾಗದ ಗಿಡ. ‘ಬದನೆ’ ತಮಿಳಿನ ‘ವಳುತುಣೈ’ಯೊಂದಿಗೆ ಸೇರುವ ದ್ರಾವಿಡ ಶಬ್ದ, ಸಂಸ್ಕೃತದ ‘ವಾತಿಂಗಣ’ ಇದಕ್ಕೆ ಸಂಬಂಧಪಟ್ಟದ್ದೆಂದು ಭಾಷಾಶಾಸ್ತ್ರಜ್ಞರ ಅಭಿಪ್ರಾಯ. ಅಲ್ಲಿಂದ ಪಾರಸಿಯ ‘ಬಾದಿಂಗಾನ್’, ಅರಬರ ಮೂಲಕ ಸ್ಪೇನ್ ಪೋರ್ತುಗಾಲಗಳ ‘ಬೆರಿಂಜೇಲ’, ಅದೇ ಪೋರ್ತುಗೀಜರ ಬಾಯಲ್ಲಿ ಮತ್ತೆ ಹಿಂದೂಸ್ಥಾನಕ್ಕೆ ಬಂದು ಇಂಗ್ಲೀಷರ ‘ಬ್ರಿಂಜಾಲ್’. ಹಿತ್ತಲಿನಿಂದ ಹೊರಟ ಹೆಸರು ಭೂಮಂಡಲದ ಅರ್ಧವನ್ನು ಸುತ್ತಿ ಮುಂಬಾಗಿಲಿನಿಂದ ಮನೆಗೆ ಬಂದಾಗ ನಾವು ಅದನ್ನು ಸುಶಿಕ್ಷಿತ ಶಬ್ದವೆಂದು ಬರಮಾಡಿಕೊಂಡೆವು! ಹಿತ್ತಲಿನ ಅಪ್ಪಟ ದೇಶೀಯತೆಯನ್ನು ಹಾಡಿ ಹೊಗಳುವವರು ಈ ಹೋಗುಬರುವನ್ನು ಸ್ವಲ್ಪ ನೋಡಬೇಕೆಂದು ನನ್ನ ವಿನಂತಿ. ಹಿತ್ತಲಿನಲ್ಲಿ ದೇಶೀಯವಾದದ್ದು ಗಿಡವಲ್ಲ, ಅದನ್ನು ಒಗ್ಗಿಸಿಕೊಂಡ ಕೈ. ಅಮೆರಿಕೆಯ ಕಾಯಿಯಿಂದ ಬ್ಯಾಡಗಿಯ ಕಾಯಿಯನ್ನು ಮಾಡಿದವರು ಯಾರು? ಪ್ರತಿವರ್ಷ ಹೊಲದಲ್ಲಿ ಹಿತ್ತಲಿನಲ್ಲಿ ಕೆಂಪಾದುದನ್ನು, ಹದವಾದುದನ್ನು ಆರಿಸಿ ಬೀಜಕ್ಕೆ ಎತ್ತಿಟ್ಟ, ಹೆಸರು ಗೊತ್ತಿಲ್ಲದ ಗಂಡಸರು ಹೆಂಗಸರು. ಅದಕ್ಕೆ ಹಿಡಿದ ಕಾಲ ನಾಲ್ಕು ಶತಮಾನಕ್ಕಿಂತ ಹೆಚ್ಚಲ್ಲ.

ಇಂಗ್ಲೀಷರು ಬಂದ ಮೇಲೆ ಬರೆಯುವವರು ಹೆಚ್ಚಿದರು, ಕಣ್ಣು ಮಾತ್ರ ಹಳೆಯದೇ. ಟೀಪುವಿನ ಪತನದ ತರುವಾಯ ನಾಡನ್ನು ಪರೀಕ್ಷಿಸಲು ಹೊರಟ ಬುಕಾನನ್ 1801ರಲ್ಲಿ ನಮ್ಮ ನೆರೆಯ ಶಿರಸಿ ಬನವಾಸಿಗಳ ಮೂಲಕ ಹಾದುಹೋದ. ಅಡಕೆ, ಮೆಣಸು, ಏಲಕ್ಕಿ, ಭತ್ತಗಳ ವಿಷಯದಲ್ಲಿ ಅವನ ಶ್ರದ್ಧೆ ಮೆಚ್ಚತಕ್ಕದ್ದು. ಮೈಸೂರು ಸೀಮೆಯಲ್ಲಿ ತರಕಾರಿ ತೋಟ, ತೆಂಗಿನ ತೋಟ, ಎಲೆಯ ತೋಟ, ಹೂವಿನ ತೋಟ ಎಂಬ ವಿಂಗಡಣೆಯನ್ನೂ ಬರೆದುಕೊಂಡ. ಆದರೆ ಅವು ಪೇಟೆಗೆ ಬೆಳೆಯುವ ತೋಟಗಳು. ಮುಂಬಯಿ ಇಲಾಖೆಯ ಗ್ಯಾಸೆಟಿಯರಿನ ಧಾರವಾಡ ಸಂಪುಟ 1884ರಲ್ಲಿ ಹೊರಬಂತು. ಹಾನಗಲ್ಲು ಆಗ ಆ ಜಿಲ್ಲೆಯ ತಾಲೂಕು. ಅದೂ ಕಂದಾಯದ ಕನ್ನಡಕ ಹಾಕಿಕೊಂಡು ನೋಡಿದ ನಾಡು. ಸಾಹೇಬರ ಬಂಗಲೆಯ ತೋಟಕ್ಕೆ ಮಾತ್ರ ಬೇರೆ ಪುಸ್ತಕಗಳಿದ್ದವು. ಫರ್ಮಿಂಜರ್ ಎಂಬ ಪಾದ್ರಿ 1860ರ ದಶಕದಲ್ಲಿ ಬಂಗಾಳ ಮತ್ತು ಉತ್ತರ ಹಿಂದೂಸ್ಥಾನಕ್ಕಾಗಿ ಬರೆದ ಕೈಪಿಡಿ ಅವುಗಳಲ್ಲಿ ಪ್ರಸಿದ್ಧ. ಆ ತೋಟದ ಋತುಚಕ್ರವೇ ಬೇರೆ: ಮಳೆಗಾಲ ಮುಗಿಯುತ್ತಲೇ ವಿಲಾಯತಿ ಬೀಜ ಬಿತ್ತಿ, ಕೋಸು ಬಟಾಣಿಗಳನ್ನು ಚಳಿಗಾಲದಲ್ಲಿ ಉಂಡು, ಬೇಸಗೆ ಬಂತೆಂದರೆ ಕೈಬಿಡುವುದು. ಅವರ ತೋಟ ಮಲಗುವ ಹೊತ್ತಿಗೆ ನಮ್ಮ ಹಿತ್ತಲು ಏಳುತ್ತಿತ್ತು.

ಸರಕಾರದ ಕಣ್ಣು ಹಿತ್ತಲಿನ ಮೇಲೆ ಬಿದ್ದದ್ದು ಹಸಿವು ಬಂದಾಗ. 1942ರಲ್ಲಿ ಬ್ರಹ್ಮದೇಶ ಜಪಾನರ ಕೈಗೆ ಹೋಗಿ ಅಲ್ಲಿಯ ಅಕ್ಕಿ ನಿಂತಿತು. ‘ಹೆಚ್ಚು ಆಹಾರ ಬೆಳೆಯಿರಿ’ ಎಂಬ ಚಳವಳಿ ಹುಟ್ಟಿತು. 1965ರಲ್ಲಿ ಲಾಲಬಹಾದ್ದೂರ ಶಾಸ್ತ್ರಿಯವರು ಸೋಮವಾರದ ಸಂಜೆಯ ಊಟ ಬಿಡಿರೆಂದು ಕೇಳಿಕೊಂಡದ್ದಲ್ಲದೆ ತಮ್ಮ ಮನೆಯ ಅಂಗಳದ ಹುಲ್ಲುಹಾಸನ್ನು ಉಳಿಸಿ ಬೆಳೆ ಬೆಳೆಸಿದರು. ಪ್ರಧಾನಮಂತ್ರಿಯೊಬ್ಬರು ಹುಲ್ಲು ಕಿತ್ತದ್ದು ಸುದ್ದಿಯಾಯಿತು. ಅದನ್ನೇ ದಿನವೂ ಮಾಡುವ ಹೆಂಗಸು ಸುದ್ದಿಯಾಗುವಂತಿಲ್ಲ, ನಿಜ.

ಈಗ ನನ್ನನ್ನು ಕಾಡುವ ಮಾತಿಗೆ ಬರುತ್ತೇನೆ. ಬರೆದಿಡದ ಈ ಚರಿತ್ರೆಗೆ ಒಂದು ದಾಖಲೆ ಇತ್ತು, ಅದು ಬೀಜ. ಬಳ್ಳಿಯಲ್ಲೇ ಒಣಗಿದ ಹೀರೆಕಾಯಿ ಜಂತಿಗೆ ತೂಗುತ್ತಿತ್ತು. ಸವತೆ ಕುಂಬಳಗಳ ಬೀಜ ಸಗಣಿಯ ಬಿಲ್ಲೆಯಲ್ಲಿ ಸೇರಿ ಗೋಡೆಗೆ ಹತ್ತಿರುತ್ತಿತ್ತು. ಅವರೆ ಅಲಸಂದೆಗಳು ಬೂದಿಯಲ್ಲಿ ಬೆರೆತು ಗಡಿಗೆಯಲ್ಲಿರುತ್ತಿದ್ದವು. ಬೂದಿ ತೇವವನ್ನು ಹೀರಿ ನುಸಿಯನ್ನು ದೂರವಿಡುತ್ತದೆ. ತವರಿನಿಂದ ಗಂಡನ ಮನೆಗೆ, ಅಕ್ಕನಿಂದ ತಂಗಿಗೆ, ಓಣಿಯಿಂದ ಓಣಿಗೆ ಈ ಬೀಜ ನಡೆದಾಡುತ್ತಿತ್ತು. ಪ್ರತಿ ತಳಿಗೂ ಮಳೆ ಮಣ್ಣುಗಳ ನೆನಪು ಮೈಯಲ್ಲಿತ್ತು.

ಇಂದು ನಮ್ಮ ಹಾವೇರಿ ಜಿಲ್ಲೆಯ ರಾಣೆಬೆನ್ನೂರಿನ ಸುತ್ತಿನ ಪ್ರದೇಶ ಸಂಕರಣ ತರಕಾರಿ ಬೀಜದ ಉತ್ಪಾದನೆಗೆ ದೇಶದಲ್ಲಿಯೇ ಹೆಸರಾಗಿದೆ. ಬಲೆಯ ಮನೆಗಳಲ್ಲಿ ಹೆಂಗಸರು ಟೊಮೇಟೊ ಮೆಣಸಿನ ಗಿಡಗಳ ಮೊಗ್ಗನ್ನು ಸಂಜೆ ಬಿಡಿಸಿ ಗಂಡು ಕೇಸರಗಳನ್ನು ಚಿಮುಟದಿಂದ ತೆಗೆಯುತ್ತಾರೆ, ಮರುದಿನ ಬೆಳಗ್ಗೆ ಬೇರೆ ಗಿಡದ ಪರಾಗವನ್ನು ಮುಟ್ಟಿಸುತ್ತಾರೆ. ಕಣ್ಣಿನ, ಬೆರಳಿನ ಕುಶಲ ಕೆಲಸ. 1988ರ ಹೊಸ ಬೀಜನೀತಿಯ ತರುವಾಯ ಈ ವ್ಯವಹಾರ ಬಹಳ ಬೆಳೆದಿದೆ. ಅದರಿಂದ ಕೂಲಿ ದೊರೆತಿದೆ, ರೈತರಿಗೆ ಇಳುವರಿಯೂ ಹೆಚ್ಚಿದೆ. ಅದನ್ನು ಅಲ್ಲಗಳೆಯುವುದು ನ್ಯಾಯವಲ್ಲ. ಆದರೆ ಸಂಕರಣದ ಗಿಡದಿಂದ ಬೀಜ ಎತ್ತಿಟ್ಟರೆ ಮುಂದಿನ ವರುಷ ಒಂದು ಗಿಡ ಅಜ್ಜನನ್ನು, ಇನ್ನೊಂದು ಅಜ್ಜಿಯನ್ನು ಹೋಲಿ ಹುಟ್ಟುತ್ತದೆ. ಮೊದಲಿನ ಗುಣ ನಿಲ್ಲುವುದಿಲ್ಲ. ಬೀಜ ಕೊಳ್ಳುವ ಪದಾರ್ಥವಾಯಿತು, ಎತ್ತಿಡುವ ಪದಾರ್ಥವಾಗಿ ಉಳಿಯಲಿಲ್ಲ. ಬಣ್ಣದ ಪೊಟ್ಟಣದ ಮೇಲೆ ಬಿತ್ತುವ ತಿಂಗಳು ಅಚ್ಚಾಗಿರುತ್ತದೆ. ಮಾಘದ ಚಳಿ ಯಾವ ದಿನ ಸಡಿಲಿತು ಎಂಬುದನ್ನು ಅದು ಹೇಳಲಾರದು. ಹಿತ್ತಲುಗಳೂ ಕರಗುತ್ತಿವೆ. ಅಣ್ಣತಮ್ಮಂದಿರು ಪಾಲಾದಾಗ ಮೊದಲು ಗೋಡೆ ಏಳುವುದು ಹಿತ್ತಲಿನಲ್ಲಿ. ಬಚ್ಚಲ ನೀರು ಕೊಳವೆಯಲ್ಲಿ ಹೋಗಿ ಬೀದಿಯ ಗಟಾರು ಸೇರುತ್ತದೆ.

ಎಲ್ಲವೂ ಹೋಯಿತೆಂದು ಹೇಳಲು ನಾನು ಸಿದ್ಧನಿಲ್ಲ. ಪಕ್ಕದ ಶಿರಸಿಯಲ್ಲಿ ‘ವನಸ್ತ್ರೀ’ ಎಂಬ ಹೆಂಗಸರ ಬಳಗ ಈ ಶತಮಾನದ ಆರಂಭದಿಂದ ಮಲೆನಾಡಿನ ಹಿತ್ತಲುಗಳ ಬೀಜಗಳನ್ನು ಕೂಡಿಹಾಕುವ, ಹಂಚಿಕೊಳ್ಳುವ ಕೆಲಸ ನಡೆಸಿದೆ. ಅವರ ಮಲೆನಾಡ ಮೇಳದಲ್ಲಿ ಬೀಜ, ಗಡ್ಡೆ, ಸಸಿಗಳು ಕೈಯಿಂದ ಕೈಗೆ ಹೋಗುತ್ತವೆ. ಮೇಳಕ್ಕೆ ಹೋಗಲಾಗದವರಿಗೂ ದಾರಿಯಿದೆ. ಮಾಘದಲ್ಲಿ ಊರಿದ ಹೀರೆಗೆ ಚೈತ್ರದಲ್ಲಿ ಕಾಯಿ ಬಂದಾಗ, ಬಳ್ಳಿ ಇನ್ನೂ ಬಲವಾಗಿರುವಾಗಲೇ, ಉದ್ದವಾಗಿ ನೇರವಾಗಿ ಇಳಿದ ಒಂದೆರಡು ಕಾಯಿಗಳನ್ನು ಕೀಳದೆ ಬಿಡುತ್ತಾರೆ. ಕೊನೆಯ ಸುತ್ತಿನ ಸಣ್ಣ ಕಾಯಿ ಬೀಜಕ್ಕೆ ಆಗದು. ಯಾರೂ ಮರೆತು ಕೊಯ್ಯದಿರಲೆಂದು ಅದರ ತೊಟ್ಟಿಗೆ ಹಳೆಯ ಸೀರೆಯ ಚಿಂದಿಯೊಂದನ್ನು ಕಟ್ಟಿರುತ್ತಾರೆ. ಅಕ್ಕಿಆಲೂರಿನ ಸುತ್ತ ಬೇಸಗೆಯಲ್ಲಿ ನಡೆದಾಡುವವರು ಬೇಲಿಗಳ ಮೇಲೆ ಇಂಥ ಚಿಂದಿಗಳು ಎಷ್ಟು ಉಳಿದಿವೆಯೆಂದು ಎಣಿಸಿ ನೋಡಬಹುದು.